ಸಂಚಾರಿ ರಂಗಬೆಳಕಿನಲ್ಲಿ ಕೇಬಲ್‌ ವ್ಯವಸ್ಥೆ: ಶಿವಮೊಗ್ಗ–ಭದ್ರಾವತಿ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪೀಠಿಕೆ

ರಂಗಬೆಳಕನ್ನು ಕುರಿತ ವಿವೇಚನೆ ಸಾಮಾನ್ಯವಾಗಿ ದೀಪದಿಂದ ಆರಂಭವಾಗಿ ನಟನ ಮುಖದಲ್ಲಿ ಮುಕ್ತಾಯವಾಗುತ್ತದೆ. ದೀಪಕ್ಕೆ ವಿದ್ಯುತ್ತನ್ನು ಒಯ್ಯುವ ಕೇಬಲ್ಲು ಈ ವಿವೇಚನೆಯ ಹೊರಗೇ ಉಳಿಯುತ್ತದೆ. ಆದರೆ ಊರಿಂದೂರಿಗೆ ಸಂಚರಿಸುವ ನಾಟಕ ತಂಡದ ದಿನಚರಿಯನ್ನು ಗಮನಿಸಿದರೆ ಬೇರೊಂದು ಸಂಗತಿ ತಿಳಿದುಬರುತ್ತದೆ. ದೀಪಗಳನ್ನು ಹೊಂದಿಸಿ ನಟರಿಗೆ ಬೆಳಕಿನ ಜಾಗಗಳನ್ನು ಪರಿಚಯಿಸಲು ಎಷ್ಟು ಸಮಯ ದೊರೆಯುತ್ತದೆ ಎಂಬುದನ್ನು ನಿರ್ಧರಿಸುವುದು ದೀಪಗಳ ಸಂಖ್ಯೆಯಲ್ಲ, ಕೇಬಲ್ಲುಗಳ ಶಿಸ್ತು. ಗಂಟು ಬಿಡಿಸುವುದರಲ್ಲಿ ಕಳೆದ ಪ್ರತಿಯೊಂದು ನಿಮಿಷವೂ ತಾಲೀಮಿನಿಂದ ಕಡಿತವಾದ ನಿಮಿಷವೇ ಆಗಿರುತ್ತದೆ. ಅವಸರದಲ್ಲಿ ಮಾಡಿದ ಜೋಡಣೆಯು ಪ್ರಯೋಗದ ಗುಣಮಟ್ಟವನ್ನಷ್ಟೇ ಅಲ್ಲದೆ ರಂಗದ ಹಿಂದೆ ದುಡಿಯುವವರ ಪ್ರಾಣವನ್ನೂ ಅಪಾಯಕ್ಕೆ ಒಡ್ಡುತ್ತದೆ. ಈ ಕಾರಣದಿಂದ ಕೇಬಲ್‌ ವ್ಯವಸ್ಥೆಯನ್ನು ರಂಗತಂತ್ರದ ಒಂದು ಅಂಗವೆಂದೇ ಪರಿಗಣಿಸಬೇಕಾಗುತ್ತದೆ.

ಪ್ರಸ್ತುತ ಲೇಖನವು ಶಿವಮೊಗ್ಗ ನಗರ ಮತ್ತು ಭದ್ರಾವತಿಗಳ ಪರಿಸರವನ್ನು ಹಿನ್ನೆಲೆಯಾಗಿಟ್ಟುಕೊಂಡು, ಸಂಚಾರಿ ರಂಗಬೆಳಕಿನ ಕೇಬಲ್ಲುಗಳನ್ನು ಕ್ರಮಬದ್ಧಗೊಳಿಸುವ ವಿಧಾನಗಳನ್ನೂ ಅವುಗಳ ಹಿಂದಿರುವ ಕಾರಣಗಳನ್ನೂ ವಿವರಿಸುತ್ತದೆ.

ಪ್ರಾದೇಶಿಕ ಹಿನ್ನೆಲೆ

ಶಿವಮೊಗ್ಗ ಜಿಲ್ಲೆಗೆ ಸಂಚಾರಿ ರಂಗಭೂಮಿಯ ಇತಿಹಾಸದಲ್ಲಿ ವಿಶಿಷ್ಟ ಸ್ಥಾನವಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅರ್ಥಾತ್ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ವನ್ನೂ ಆರಂಭಿಸಿತು. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ರೂಪುಗೊಂಡ ತಿರುಗಾಟವು ನಟರು, ರಂಗಸಜ್ಜಿಕೆ, ಪ್ರಸಾಧನ, ಬೆಳಕು ಎಲ್ಲವನ್ನೂ ಹೊತ್ತು ಕರ್ನಾಟಕದ ಊರೂರುಗಳಿಗೆ ಹೋಗುವ ಪದ್ಧತಿಯನ್ನು ಆಧುನಿಕ ಹವ್ಯಾಸಿ ರಂಗಭೂಮಿಗೆ ಪರಿಚಯಿಸಿತು. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ವೂ ಇದೇ ಬಗೆಯ ಪ್ರಯತ್ನ. ಇವುಗಳಿಗಿಂತ ಬಹಳ ಹಿಂದೆಯೇ ವೃತ್ತಿನಾಟಕ ಕಂಪನಿಗಳೂ ಯಕ್ಷಗಾನ ಮೇಳಗಳೂ ತಮ್ಮ ಬೆಳಕನ್ನು ತಾವೇ ಹೊತ್ತು ತಿರುಗುತ್ತಿದ್ದವು.

ಶಿವಮೊಗ್ಗ ಮತ್ತು ಭದ್ರಾವತಿಗಳು ಸುಮಾರು 20 ಕಿಲೋಮೀಟರ್ ಅಂತರದಲ್ಲಿರುವ ಊರುಗಳು. ಶಿವಮೊಗ್ಗದಲ್ಲಿ ಕುವೆಂಪು ರಂಗಮಂದಿರದಂತಹ ಮುಚ್ಚಿದ ರಂಗಮಂದಿರವಿದೆ. ಶಿವಮೊಗ್ಗ ರಂಗಾಯಣದ ಚಟುವಟಿಕೆಗಳಿಂದಲೂ ಹವ್ಯಾಸಿ ತಂಡಗಳಿಂದಲೂ ನಗರದಲ್ಲಿ ನಾಟಕಗಳು ನಡೆಯುತ್ತ ಬಂದಿವೆ. ಭದ್ರಾವತಿ ಕೈಗಾರಿಕಾ ಪಟ್ಟಣವಾಗಿ ಬೆಳೆದುದು. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಸ್ಥಾಪನೆಯಾಯಿತು. ಕಾರ್ಖಾನೆಗಳ ವಸತಿ ಬಡಾವಣೆಗಳೂ ಮೈದಾನಗಳೂ ಇರುವ ಇಂತಹ ಪಟ್ಟಣದಲ್ಲಿ ಬಯಲಿನ ತಾತ್ಕಾಲಿಕ ವೇದಿಕೆಯ ಮೇಲೆ ಕಾರ್ಯಕ್ರಮ ನಡೆಸುವುದು ವಾಡಿಕೆ. ಹೀಗೆ ಒಂದೇ ತಂಡವು ಒಂದು ಸಂಜೆ ಚಾವಣಿಯ ಕೆಳಗೆ, ಮರುದಿನ ಸಂಜೆ ಬಯಲಿನಲ್ಲಿ ಆಡಬೇಕಾಗಿ ಬರುವ ಸನ್ನಿವೇಶಕ್ಕೆ ಈ ಎರಡು ಊರುಗಳು ಉತ್ತಮ ನಿದರ್ಶನಗಳಾಗಿವೆ. ಎರಡೂ ಸ್ಥಳಗಳಿಗೆ ಹೊಂದಿಕೊಳ್ಳಬಲ್ಲ ಕೇಬಲ್‌ ವ್ಯವಸ್ಥೆ ಮಾತ್ರ ಸಂಚಾರಿ ವ್ಯವಸ್ಥೆ ಎನಿಸಿಕೊಳ್ಳಲು ಅರ್ಹವಾದುದು.

ದೀವಟಿಗೆಯಿಂದ ಕೇಬಲ್ಲಿಗೆ

ಯಕ್ಷಗಾನದ ದೀವಟಿಗೆಯಾಗಲಿ ಕಂಪನಿ ನಾಟಕಗಳ ಗ್ಯಾಸ್‌ಲೈಟಾಗಲಿ ತನ್ನ ಇಂಧನವನ್ನು ತನ್ನಲ್ಲಿಯೇ ಇಟ್ಟುಕೊಂಡಿರುವ ದೀಪ. ಅದನ್ನು ಎತ್ತಿ ಎಲ್ಲಿ ಬೇಕಾದರೂ ಇಡಬಹುದಾಗಿತ್ತು. ಎಣ್ಣೆ ಹಾಕುವುದು, ಗಾಳಿ ತುಂಬುವುದು, ಮ್ಯಾಂಟಲ್ ಬದಲಿಸುವುದು ಇಷ್ಟೇ ಅದರ ಉಪಚಾರ. ವಿದ್ಯುತ್ ಬಂದ ಮೇಲೆ ದೀಪವೂ ಶಕ್ತಿಯ ಮೂಲವೂ ಬೇರೆ ಬೇರೆಯಾದವು. ಬೆಳಕನ್ನು ದೂರದಿಂದ ಹೆಚ್ಚಿಸುವ, ತಗ್ಗಿಸುವ ಸ್ವಾತಂತ್ರ್ಯ ದೊರೆಯಿತು. ಆ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯೇ ಕೇಬಲ್ಲು.

ವಿದ್ಯುತ್ ಉತ್ಪಾದನೆಯಲ್ಲಿ ಶಿವಮೊಗ್ಗ ಜಿಲ್ಲೆ ಪ್ರಸಿದ್ಧವಾದುದು. ಜೋಗದ ಜಲವಿದ್ಯುದಾಗಾರ 1948ರಲ್ಲಿ ಕಾರ್ಯಾರಂಭ ಮಾಡಿತು. 1960ರ ದಶಕದಲ್ಲಿ ಶರಾವತಿ ಯೋಜನೆ ಅದನ್ನು ಹಿಂಬಾಲಿಸಿತು. ಆದರೆ ನಾಡಿಗೆ ಬೆಳಕು ಕೊಟ್ಟ ಜಿಲ್ಲೆಯಲ್ಲಿಯೂ ತಾತ್ಕಾಲಿಕ ವೇದಿಕೆಯ ಬಳಿಗೆ ವಿದ್ಯುತ್ ತಾನಾಗಿ ಬರುವುದಿಲ್ಲ. ಕಂಬದಿಂದ ಅಥವಾ ಜನರೇಟರಿನಿಂದ ದೀಪದವರೆಗಿನ ಕೊನೆಯ ನೂರು ಮೀಟರ್ ದಾರಿಯನ್ನು ತಂಡವೇ ನಿರ್ಮಿಸಿಕೊಳ್ಳಬೇಕಾಗುತ್ತದೆ ಮತ್ತು ಆಟ ಮುಗಿದ ಕೂಡಲೆ ಅದನ್ನು ಕಿತ್ತು ಕಟ್ಟಬೇಕಾಗುತ್ತದೆ.

ಈ ದಾರಿಯಲ್ಲಿ ಮೂರು ಬಗೆಯ ಕೇಬಲ್ಲುಗಳಿರುತ್ತವೆ. ವಿದ್ಯುತ್ ಮೂಲದಿಂದ ಡಿಮ್ಮರ್ ಪೆಟ್ಟಿಗೆಗಳವರೆಗಿನ ದಪ್ಪ ಮುಖ್ಯ ಕೇಬಲ್ಲು ಮೊದಲನೆಯದು. ಡಿಮ್ಮರಿನಿಂದ ಒಂದೊಂದು ದೀಪಕ್ಕೆ ಹೋಗುವ ದೀಪದ ಕೇಬಲ್ಲುಗಳು ಎರಡನೆಯವು. ಸಂಖ್ಯೆಯಲ್ಲಿ ಇವೇ ಅಧಿಕ. ನಿಯಂತ್ರಣದ ಬೋರ್ಡಿನಿಂದ ಡಿಮ್ಮರಿಗೆ ಆಜ್ಞೆಯನ್ನು ಮಾತ್ರ ಒಯ್ಯುವ ತೆಳುವಾದ ಸಂಕೇತದ ಕೇಬಲ್ಲು ಮೂರನೆಯದು. ಇವುಗಳ ಸ್ವಭಾವ ಬೇರೆ ಬೇರೆಯಾದುದರಿಂದ ಸುತ್ತುವ, ಕಟ್ಟುವ, ಹಾಸುವ ಕ್ರಮಗಳೂ ಬೇರೆ ಬೇರೆ. ಮೂರನ್ನೂ ಒಂದೇ ಗೋಣಿಚೀಲಕ್ಕೆ ತುಂಬುವುದು ಎಲ್ಲ ಗೊಂದಲಗಳ ಮೂಲ.

ಸಮಯ ಎಲ್ಲಿ ವ್ಯಯವಾಗುತ್ತದೆ?

ಸಂಚಾರಿ ತಂಡದ ಒಂದು ದಿನವನ್ನು ಹೀಗೆ ಸಂಗ್ರಹಿಸಬಹುದು: ಊರು ತಲುಪುವುದು, ಸಾಮಾನು ಇಳಿಸುವುದು, ಸಜ್ಜಿಕೆ ಮತ್ತು ದೀಪಗಳ ಜೋಡಣೆ, ದೀಪಗಳ ದಿಕ್ಕು ಹೊಂದಿಸುವುದು, ನಟರ ಪರಿಶೀಲನೆ, ಪ್ರಯೋಗ, ಬಿಚ್ಚುವುದು, ಲಾರಿಗೆ ತುಂಬುವುದು. ಬಾಡಿಗೆಯ ಸಭಾಂಗಣದಲ್ಲಿ ಬೆಳಿಗ್ಗೆ ಬೇರೊಂದು ಸಭೆಯಿದ್ದರೆ ರಂಗವು ಕೈಗೆ ಸಿಗುವುದೇ ಮಧ್ಯಾಹ್ನದ ಅನಂತರ. ಬಯಲಿನಲ್ಲಿ ಬೇರೊಂದು ತೊಡಕಿದೆ: ಸೂರ್ಯಾಸ್ತವಾಗುವವರೆಗೆ ದೀಪದ ಗುರಿ ಸರಿಯಾಗಿ ಕಾಣುವುದಿಲ್ಲ. ಕತ್ತಲಾಗುವುದಕ್ಕೂ ಆಟ ಆರಂಭವಾಗುವುದಕ್ಕೂ ನಡುವೆ ದೊರೆಯುವ ಅಲ್ಪಾವಧಿಯಲ್ಲಿ ಆ ಕೆಲಸ ಮುಗಿಯಬೇಕು. ಆ ಹೊತ್ತಿಗೆ ಕೇಬಲ್ಲಿನ ಕೆಲಸವೆಲ್ಲ ಸಂಪೂರ್ಣವಾಗಿ ಮುಗಿದಿರಬೇಕು.

ಜೋಡಣೆಯ ಅವಧಿಯನ್ನು ವಿಶ್ಲೇಷಿಸಿದರೆ ಪ್ಲಗ್ಗು ಚುಚ್ಚುವ ಕ್ರಿಯೆಗೆ ಬೇಕಾಗುವುದು ಕೆಲವೇ ಕ್ಷಣಗಳು. ಉಳಿದ ಸಮಯ ವ್ಯಯವಾಗುವುದು ನಾಲ್ಕು ಕಾರಣಗಳಿಂದ: ಬೇಕಾದ ಅಳತೆಯ ಕೇಬಲ್ಲನ್ನು ಹುಡುಕುವುದು, ಗಂಟು ಬಿಡಿಸುವುದು, ಹಾಸಿದ ಮೇಲೆ ಸಾಲದೆ ಬಂದುದಕ್ಕೆ ಇನ್ನೊಂದನ್ನು ಸೇರಿಸುವುದು, ಉರಿಯದ ದೀಪದ ಕೇಬಲ್ಲು ಯಾವುದೆಂದು ಪತ್ತೆ ಹಚ್ಚುವುದು. ಉದಾಹರಣೆಗೆ 24 ದೀಪಗಳಿರುವ ತಂಡದಲ್ಲಿ ಒಂದೊಂದು ಬಿಡಿ ಕೇಬಲ್ಲಿಗೆ 4 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಒಟ್ಟು 96 ನಿಮಿಷಗಳಾಗುತ್ತವೆ. ಅವೇ 24 ಕೇಬಲ್ಲುಗಳನ್ನು ಆರಾರರಂತೆ 4 ಕಟ್ಟುಗಳಾಗಿ ಮೊದಲೇ ಸಿದ್ಧಪಡಿಸಿ, ಕಟ್ಟೊಂದಕ್ಕೆ 10 ನಿಮಿಷ ಎಂದು ಲೆಕ್ಕ ಹಾಕಿದರೆ 40 ನಿಮಿಷಗಳು ಸಾಕು. ಇದು ಕೇವಲ ಅಂದಾಜಿನ ಲೆಕ್ಕವಾದರೂ ಉಳಿತಾಯದ ಸ್ವರೂಪವನ್ನು ಸ್ಪಷ್ಟಪಡಿಸುತ್ತದೆ. ಕೈಚಳಕ ಹೆಚ್ಚಿಸಿಕೊಂಡು ಗಳಿಸುವ ಸಮಯ ಅಲ್ಪ. ನಿರ್ಧಾರಗಳ ಸಂಖ್ಯೆಯನ್ನು ತಗ್ಗಿಸಿ ಗಳಿಸುವ ಸಮಯ ಅಪಾರ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಮರುದಿನದ ಜೋಡಣೆ ಆರಂಭವಾಗುವುದು ಹಿಂದಿನ ರಾತ್ರಿ ಬಿಚ್ಚುವಾಗ. ಶಿವಮೊಗ್ಗದಲ್ಲಿ ರಾತ್ರಿ ಹನ್ನೊಂದಕ್ಕೆ ದಣಿದ ಕೈಗಳು ಕೇಬಲ್ಲನ್ನು ಹೇಗೆ ಸುತ್ತಿದವು ಎಂಬುದರ ಫಲ ಭದ್ರಾವತಿಯಲ್ಲಿ ಮರುದಿನ ಅನುಭವಕ್ಕೆ ಬರುತ್ತದೆ. ಆದುದರಿಂದ ಯಾವುದೇ ವ್ಯವಸ್ಥೆಯು ದಣಿದವರೂ ನಿದ್ದೆಗಣ್ಣಿನವರೂ ಪಾಲಿಸಬಹುದಾದಷ್ಟು ಸರಳವಾಗಿರಬೇಕು.

ಸುತ್ತುವ ಕ್ರಮ

ಮೊಣಕೈಗೂ ಅಂಗೈಗೂ ನಡುವೆ ಕೇಬಲ್ಲನ್ನು ಸುತ್ತುವುದು ಸರ್ವೇಸಾಮಾನ್ಯ ರೂಢಿ. ನೋಡಲು ಇದು ಅಚ್ಚುಕಟ್ಟಾಗಿ ಕಂಡರೂ ಕೇಬಲ್ಲಿಗೆ ಇದರಷ್ಟು ಹಾನಿಕರವಾದುದು ಇನ್ನೊಂದಿಲ್ಲ. ಕೇಬಲ್ಲಿನೊಳಗಿನ ಮೂರು ಎಳೆಗಳೂ, ಎಳೆಯೊಳಗಿನ ತಾಮ್ರದ ಕೂದಲಿನಂತಹ ತಂತಿಗಳೂ ಹಗ್ಗದಂತೆ ಒಂದು ದಿಕ್ಕಿಗೆ ಹೊಸೆದುಕೊಂಡಿರುತ್ತವೆ. ಒಂದೇ ದಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದಾಗ ಪ್ರತಿ ಸುತ್ತಿಗೂ ಒಂದು ಪೂರ್ಣ ತಿರುಚು ಸೇರಿಕೊಳ್ಳುತ್ತದೆ. ಇಪ್ಪತ್ತು ಸುತ್ತುಗಳಾದಾಗ ಇಪ್ಪತ್ತು ತಿರುಚುಗಳು. ಬಿಡಿಸಿ ಎಳೆದಾಗ ಅವೇ ಕುಣಿಕೆಗಳಾಗಿ ಏಳುತ್ತವೆ. ಕಾಲಕ್ರಮದಲ್ಲಿ ಒಳಗಿನ ತಂತಿಗಳು ತುಂಡಾಗುತ್ತವೆ. ಹೊರಗಿನ ಹೊದಿಕೆ ಸರಿಯಾಗಿಯೇ ಇರುವುದರಿಂದ ಇಂತಹ ದೋಷವನ್ನು ಕಣ್ಣಿನಿಂದ ಕಂಡುಹಿಡಿಯಲಾಗದು. ದೀಪವು ಒಮ್ಮೆ ಉರಿದು ಒಮ್ಮೆ ಆರುವುದಕ್ಕೆ ಹಲವು ವೇಳೆ ಇದೇ ಕಾರಣ.

ಇದಕ್ಕೆ ಪರಿಹಾರವಾಗಿ ಲೋಕದ ರಂಗಭೂಮಿಗಳಲ್ಲಿ ರೂಢಿಯಲ್ಲಿರುವುದು ‘ಮೇಲೊಂದು, ಕೆಳಗೊಂದು’ ಎಂಬ ಕ್ರಮ. ಎಡಗೈಯಲ್ಲಿ ಕೇಬಲ್ಲಿನ ಒಂದು ತುದಿಯನ್ನು ಹಿಡಿದು, ಬಲಗೈಯಿಂದ ಸುಮಾರು ಒಂದು ಮಾರಿನಷ್ಟು ಎಳೆದು ಮೊದಲನೆಯ ಸುತ್ತನ್ನು ಸಹಜವಾಗಿ ಇಡಲಾಗುತ್ತದೆ. ಎರಡನೆಯ ಸುತ್ತನ್ನು ಇಡುವಾಗ ಬಲಗೈಯನ್ನು ಒಳಮುಖವಾಗಿ ತಿರುಗಿಸಿ, ಮುಂದೆ ಹೋಗುವ ಭಾಗವು ಸುತ್ತಿನ ಹಿಂಬದಿಗೆ ಬರುವಂತೆ ಇಡಲಾಗುತ್ತದೆ. ಮೊದಲ ಸುತ್ತಿನ ತಿರುಚನ್ನು ಎರಡನೆಯದು ರದ್ದುಗೊಳಿಸುತ್ತದೆ. ಹೀಗೆ ಸುತ್ತಿದ ಕೇಬಲ್ಲಿನ ತುದಿ ಹಿಡಿದು ಎಸೆದರೆ ಅದು ಗಂಟಿಲ್ಲದೆ ನೇರವಾಗಿ ಹಾಸಿಕೊಳ್ಳುತ್ತದೆ. ಒಂದೇ ಎಚ್ಚರಿಕೆಯೆಂದರೆ, ತುದಿಯು ಸುರುಳಿಯ ನಡುವಿನಿಂದ ತೂರಿ ಹೋಗಬಾರದು. ಹಾಗಾದಲ್ಲಿ ಎಳೆದಂತೆಲ್ಲ ಸಾಲುಸಾಲಾಗಿ ಗಂಟುಗಳು ಬೀಳುತ್ತವೆ. ಆದುದರಿಂದ ಸುತ್ತಿ ಮುಗಿದ ಕೂಡಲೇ ಸುರುಳಿಯನ್ನು ಕಟ್ಟುವುದು ಅತ್ಯಗತ್ಯ. ಕಟ್ಟುವ ದಾರವನ್ನು ಕೇಬಲ್ಲಿನ ಒಂದು ತುದಿಗೇ ಶಾಶ್ವತವಾಗಿ ಬಿಗಿದಿಟ್ಟರೆ ದಾರ ಹುಡುಕುವ ಕೆಲಸ ತಪ್ಪುತ್ತದೆ. ಇದಕ್ಕೆ ಹತ್ತಿಯ ಲಾಡಿಯೂ ಸಾಕು. ಬಹುಕಾಲ ತಪ್ಪು ಕ್ರಮದಲ್ಲಿ ಸುತ್ತಿದ ಹಳೆಯ ಕೇಬಲ್ಲು ಹೊಸ ಕ್ರಮಕ್ಕೆ ಕೂಡಲೇ ಒಗ್ಗುವುದಿಲ್ಲ. ಅದನ್ನು ಬಿಸಿಲಿನಲ್ಲಿ ಉದ್ದಕ್ಕೆ ಹಾಸಿ ಮೃದುಗೊಳಿಸಿಕೊಳ್ಳಬೇಕಾಗುತ್ತದೆ.

ಅಳತೆ ಮತ್ತು ಗುರುತು

ಅಳತೆಗಳು ಕಡಿಮೆಯಾದಷ್ಟೂ ವ್ಯವಸ್ಥೆ ಸರಳವಾಗುತ್ತದೆ. ಸಿಕ್ಕಸಿಕ್ಕ ಉದ್ದದ ಕೇಬಲ್ಲುಗಳ ಬದಲಿಗೆ 5, 10 ಮತ್ತು 20 ಮೀಟರುಗಳ ಮೂರೇ ಅಳತೆಗಳನ್ನು ಇಟ್ಟುಕೊಂಡರೆ ಯಾವ ದೂರವನ್ನಾದರೂ ಒಂದೆರಡು ತುಂಡುಗಳಿಂದ ತಲುಪಬಹುದು. ಒಂದರ ತುದಿ ಇನ್ನೊಂದಕ್ಕೆ ಸೇರುವಂತೆ ಎಲ್ಲಕ್ಕೂ ಒಂದೇ ಬಗೆಯ ಪ್ಲಗ್ಗು, ಸಾಕೆಟ್ಟುಗಳಿರಬೇಕು. ನಮ್ಮಲ್ಲಿ ಬಳಕೆಯಲ್ಲಿರುವುದು ‘15 ಆಂಪಿಯರ್’ ಎಂದು ಕರೆಯಲಾಗುವ ಮೂರು ಗುಂಡು ಪಿನ್ನುಗಳ ಪ್ಲಗ್ಗು.

ಗುರುತಿನ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳಬೇಕು: ಕೇಬಲ್ಲು ಎಷ್ಟು ಉದ್ದ? ಅದು ಯಾವ ದೀಪಕ್ಕೆ ಸೇರಿದ್ದು? ಮೊದಲನೆಯದು ಬದಲಾಗದ ಗುಣ. ಎರಡನೆಯದು ನಾಟಕದಿಂದ ನಾಟಕಕ್ಕೆ ಬದಲಾಗುವಂಥದು. ಉದ್ದವನ್ನು ಬಣ್ಣದ ಟೇಪಿನಿಂದ ಸೂಚಿಸುವ ರೂಢಿ ಹಲವೆಡೆ ಇದೆ. ಆದರೆ ಕೆಂಪು, ಹಳದಿ, ನೀಲಿ ಬಣ್ಣಗಳು ಮೂರು ಫೇಸುಗಳನ್ನೂ, ಕಪ್ಪು ನ್ಯೂಟ್ರಲನ್ನೂ, ಹಸಿರು ಅರ್ಥಿಂಗನ್ನೂ ಸೂಚಿಸಲು ನಮ್ಮ ವಿದ್ಯುತ್ ಕೆಲಸದಲ್ಲಿ ಬಳಕೆಯಾಗುತ್ತ ಬಂದಿವೆ. ಅದೇ ಬಣ್ಣಗಳಿಗೆ ಉದ್ದದ ಅರ್ಥವನ್ನೂ ಹೊರಿಸಿದರೆ ಅಪಾಯಕರ ಗೊಂದಲ ಉಂಟಾಗಬಹುದು. ಅಲ್ಲದೆ ರಂಗದ ಹಿಂದಿನ ನೀಲಿ ಬೆಳಕಿನಲ್ಲಿ ಬಣ್ಣಗಳ ವ್ಯತ್ಯಾಸ ಅಳಿಸಿಹೋಗುತ್ತದೆ. ಬಿಳಿಯ ಟೇಪಿನ ಉಂಗುರಗಳು ಇದಕ್ಕಿಂತ ಉತ್ತಮ: 5 ಮೀಟರಿಗೆ ಒಂದು, 10ಕ್ಕೆ ಎರಡು, 20ಕ್ಕೆ ಮೂರು. ಕತ್ತಲೆಯಲ್ಲಿ ಬೆರಳಿನಿಂದ ತಡವಿಯೂ ಇವನ್ನು ಎಣಿಸಬಹುದು.

ದೀಪದ ಸಂಖ್ಯೆಯನ್ನು ಕೇಬಲ್ಲಿನ ಎರಡೂ ತುದಿಗಳಲ್ಲಿ ಬರೆಯಬೇಕು. ಕಾರ್ಖಾನೆಗಳಲ್ಲಿ ಕೇಬಲ್ಲಿನ ಎರಡೂ ತುದಿಗಳಿಗೆ ಸಂಖ್ಯೆಯ ಬಿಲ್ಲೆ ಕಟ್ಟುವುದು ಸಾಮಾನ್ಯ ಶಿಸ್ತು. ಭದ್ರಾವತಿಯಂತಹ ಊರಿನಲ್ಲಿ ವಿದ್ಯುತ್ ಕೆಲಸಗಾರರಿಗೆ ಇದನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ರಂಗಭೂಮಿ ಈ ಶಿಸ್ತನ್ನು ಎರವಲು ಪಡೆಯುವುದು ಉಚಿತ. ಸಂಖ್ಯೆಯಿಲ್ಲದಿದ್ದಲ್ಲಿ 24 ಕೇಬಲ್ಲುಗಳ ರಾಶಿಯಲ್ಲಿ ದೋಷವಿರುವುದನ್ನು ಒಂದೊಂದಾಗಿ ಕಿತ್ತು ನೋಡಬೇಕು. ಸಂಖ್ಯೆಯಿದ್ದಲ್ಲಿ ಒಂದೇ ನೋಟ ಸಾಕು.

ಕಟ್ಟುಗಳ ವಿಧಾನ

ದೀಪಗಳನ್ನು ನೇತುಹಾಕುವ ಕೊಳವೆಯ ಮೇಲೆ ದೀಪಗಳ ಸ್ಥಾನಗಳು ಬಹುಮಟ್ಟಿಗೆ ನಿಗದಿಯಾಗಿರುತ್ತವೆ. ಆದುದರಿಂದ ಒಂದು ಕೊಳವೆಯ ಆರು ದೀಪಗಳಿಗೆ ಬೇಕಾದ ಆರು ಕೇಬಲ್ಲುಗಳನ್ನು ಒಟ್ಟಿಗೆ ಕಟ್ಟಿಡುವುದು ಸಾಧ್ಯ. ಡಿಮ್ಮರಿನ ಕಡೆಯ ಆರು ಪ್ಲಗ್ಗುಗಳು ಒಂದೇ ಸಮದಲ್ಲಿರುತ್ತವೆ. ದೀಪದ ಕಡೆಯ ಸಾಕೆಟ್ಟುಗಳು ಮಾತ್ರ ದೀಪದಿಂದ ದೀಪಕ್ಕಿರುವ ಅಂತರಕ್ಕೆ ಅನುಗುಣವಾಗಿ ಮೆಟ್ಟಿಲಿನಂತೆ ಒಂದಾದ ಮೇಲೊಂದು ಹೊರಬರುತ್ತವೆ. ಒಂದೊಂದು ಮೀಟರಿಗೆ ಒಂದರಂತೆ ಟೇಪಿನ ಕಟ್ಟು ಹಾಕಿದರೆ ಆರು ಕೇಬಲ್ಲುಗಳು ಒಂದೇ ಹಗ್ಗದಂತೆ ವರ್ತಿಸುತ್ತವೆ. ಹೊರದೇಶಗಳ ರಂಗಮಂದಿರಗಳಲ್ಲಿ ಇದೇ ಕೆಲಸಕ್ಕೆ 19 ಪಿನ್ನುಗಳ ಒಂದೇ ದೊಡ್ಡ ಪ್ಲಗ್ಗಿನಲ್ಲಿ ಆರು ದೀಪಗಳ ತಂತಿಗಳನ್ನು ಒಯ್ಯುವ ಸಾಧನ ಬಹುಕಾಲದಿಂದ ಬಳಕೆಯಲ್ಲಿದೆ. ಅದು ದುಬಾರಿ, ಒಂದು ಪಿನ್ನು ಕೆಟ್ಟರೆ ಸಣ್ಣ ಊರಿನಲ್ಲಿ ಬದಲಿ ದೊರೆಯುವುದಿಲ್ಲ. ಸಾಮಾನ್ಯ ಕೇಬಲ್ಲುಗಳ ಕಟ್ಟನ್ನಾದರೋ ಯಾವ ಊರಿನ ವಿದ್ಯುತ್ ಅಂಗಡಿಯ ಸಾಮಾನಿನಿಂದಲೂ ದುರಸ್ತಿ ಮಾಡಿಕೊಳ್ಳಬಹುದು.

ಕಟ್ಟಿನ ಮಿತಿಗಳನ್ನೂ ತಿಳಿದಿರಬೇಕು. ಮೊದಲನೆಯದು ತೂಕ. 2.5 ಚದರ ಮಿಲಿಮೀಟರಿನ ಮೂರು ಎಳೆಗಳ ಕೇಬಲ್ಲಿನಲ್ಲಿ ಒಂದು ಮೀಟರಿಗೆ ತಾಮ್ರವೇ ಸುಮಾರು 67 ಗ್ರಾಂ ಇರುತ್ತದೆ. 20 ಮೀಟರಿನ ಆರು ಕೇಬಲ್ಲುಗಳಲ್ಲಿ ತಾಮ್ರ ಸುಮಾರು 8 ಕಿಲೋ. ಹೊದಿಕೆಯೂ ಪ್ಲಗ್ಗುಗಳೂ ಸೇರಿ ಅದರ ಇಮ್ಮಡಿ ಅಥವಾ ಇನ್ನೂ ಹೆಚ್ಚು. ಒಬ್ಬರು ಏಣಿಯ ಮೇಲೆ ನಿಂತು ಎತ್ತಬಹುದಾದ ಭಾರದ ಮಿತಿ ಇದೇ. ಎರಡನೆಯದು ಶಾಖ. ಒತ್ತಾಗಿ ಕಟ್ಟಿದ ಕೇಬಲ್ಲುಗಳು ಒಂದನ್ನೊಂದು ಬಿಸಿಮಾಡುತ್ತವೆ. ಆದುದರಿಂದ ಬಿಡಿಯಾಗಿ ಹೊರಬಹುದಾದ ಪೂರ್ಣ ಭಾರವನ್ನು ಕಟ್ಟಿನೊಳಗಿನ ಕೇಬಲ್ಲಿನ ಮೇಲೆ ಹೇರಬಾರದು. ಮೂರನೆಯದು, ಸಂಕೇತದ ಕೇಬಲ್ಲನ್ನು ಈ ಕಟ್ಟಿನೊಳಗೆ ಎಂದಿಗೂ ಸೇರಿಸಬಾರದು. ಡಿಮ್ಮರಿನ ವಿದ್ಯುತ್ ಪ್ರವಾಹದಿಂದ ಸಂಕೇತವು ಕದಡಿ ದೀಪಗಳು ತಾವಾಗಿ ಮಿನುಗುವ ಸಂಭವವಿದೆ. ಅದು ಬೇರೆ ದಾರಿಯಲ್ಲಿ ಹೋಗಬೇಕು. ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಬೇಕು.

ವಿದ್ಯುತ್ತಿನ ಲೆಕ್ಕ

ಸಮಯದ ಉಳಿತಾಯಕ್ಕಾಗಿ ಸುರಕ್ಷತೆಯನ್ನು ಬಿಟ್ಟುಕೊಡುವಂತಿಲ್ಲ. ಸಾವಿರ ವ್ಯಾಟಿನ ಒಂದು ಪಾರ್ ದೀಪ 230 ವೋಲ್ಟಿನಲ್ಲಿ ಸುಮಾರು 4.35 ಆಂಪಿಯರ್ ಎಳೆಯುತ್ತದೆ. ಇಂತಹ 24 ದೀಪಗಳು ಒಟ್ಟಿಗೆ ಉರಿದರೆ 24 ಕಿಲೋವ್ಯಾಟ್. ಮೂರು ಫೇಸುಗಳಿಗೆ ಸಮವಾಗಿ ಹಂಚಿದಾಗ ಫೇಸೊಂದಕ್ಕೆ 8 ಕಿಲೋವ್ಯಾಟ್, ಅಂದರೆ ಸುಮಾರು 35 ಆಂಪಿಯರ್. ಯಾವ ಕಟ್ಟು ಯಾವ ಫೇಸಿಗೆ ಎಂಬುದನ್ನು ಮೊದಲೇ ನಿಗದಿಗೊಳಿಸಿ ಕಟ್ಟಿನ ಮೇಲೆಯೇ ಬರೆದಿಟ್ಟರೆ ಈ ಸಮತೋಲನವನ್ನು ಪ್ರತಿ ಊರಿನಲ್ಲಿಯೂ ಹೊಸದಾಗಿ ಲೆಕ್ಕ ಹಾಕಬೇಕಾಗಿಲ್ಲ. ಆದರೆ ಡಿಮ್ಮರುಗಳು ವಿದ್ಯುತ್ ಅಲೆಯನ್ನು ಕತ್ತರಿಸಿ ಬೆಳಕನ್ನು ತಗ್ಗಿಸುವುದರಿಂದ, ಮೂರೂ ಫೇಸುಗಳು ಸಮವಾಗಿದ್ದಾಗಲೂ ನ್ಯೂಟ್ರಲ್ ತಂತಿಯಲ್ಲಿ ಪ್ರವಾಹ ಉಳಿಯುತ್ತದೆ. ನ್ಯೂಟ್ರಲ್ ತೆಳುವಾಗಿದ್ದರೆ ಅದು ಕಾಯುತ್ತದೆ. ಅದರ ಸಂಪರ್ಕ ಸಡಿಲವಾದರೆ ದೀಪಗಳ ಮೇಲೆ ಅತಿಯಾದ ವೋಲ್ಟೇಜು ಬೀಳುತ್ತದೆ. ಮುಖ್ಯ ಕೇಬಲ್ಲಿನ ನ್ಯೂಟ್ರಲ್ ಫೇಸಿಗಿಂತ ತೆಳುವಾಗಿರಕೂಡದು.

ಕೇಬಲ್ಲಿನ ಉದ್ದ ಮತ್ತು ದಪ್ಪಗಳು ಬೆಳಕಿನ ಗುಣವನ್ನೂ ಬದಲಿಸುತ್ತವೆ. 40 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ಕೇಬಲ್ಲಿನಲ್ಲಿ ಎರಡು ಸಾವಿರ ವ್ಯಾಟ್ ಒಯ್ದರೆ ಸುಮಾರು 9 ವೋಲ್ಟು ದಾರಿಯಲ್ಲಿಯೇ ನಷ್ಟವಾಗುತ್ತದೆ. ಇದು ಶೇಕಡ 4ರಷ್ಟೇ ಆದರೂ ಹ್ಯಾಲೊಜನ್ ದೀಪದ ಬೆಳಕು ಸುಮಾರು ಶೇಕಡ 13ರಷ್ಟು ಕುಗ್ಗಿ ಹಳದಿಗೆ ತಿರುಗುತ್ತದೆ. 2.5 ಚದರ ಮಿಲಿಮೀಟರಿನ ಕೇಬಲ್ಲಿನಲ್ಲಿ ಈ ನಷ್ಟ ಸುಮಾರು ಐದೂವರೆ ವೋಲ್ಟು. ರಂಗದ ಎಡಬಲಗಳಲ್ಲಿ ಬೆಳಕು ಒಂದೇ ಬಗೆಯಾಗಿ ಕಾಣದಿರುವುದಕ್ಕೆ ದೀಪವನ್ನು ದೂಷಿಸುವ ಮೊದಲು ಕೇಬಲ್ಲನ್ನು ಪರೀಕ್ಷಿಸುವುದು ವಿವೇಕ.

ಉಳಿದ ಕೇಬಲ್ಲನ್ನು ಸುರುಳಿಯಾಗಿಯೇ ಬಿಟ್ಟು ದೀಪ ಉರಿಸುವ ಅಭ್ಯಾಸವೂ ಅಪಾಯಕರ. ಸುರುಳಿಯ ಒಳಸುತ್ತುಗಳ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದೆ ಹೊದಿಕೆ ಕರಗಬಹುದು. ಉಳಿದ ಭಾಗವನ್ನು ನೆಲದ ಮೇಲೆ ಅಗಲವಾಗಿ, ಒಂದರ ಮೇಲೊಂದು ಬೀಳದಂತೆ ಹರಡಬೇಕು. ಸರಿಯಾದ ಅಳತೆಯ ಕೇಬಲ್ಲನ್ನು ಆರಿಸಿಕೊಳ್ಳುವುದು ಸಮಯಕ್ಕೂ ಸುರಕ್ಷತೆಗೂ ಏಕಕಾಲಕ್ಕೆ ನೆರವಾಗುವುದು ಇಲ್ಲಿಯೇ.

ಬಯಲು ವೇದಿಕೆಯಲ್ಲಿ ಮಲೆನಾಡಿನ ಸೆರಗಿನ ಹವೆಯನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಮಳೆಗಾಲ ಮುಗಿದ ಮೇಲೂ ಅಕಾಲದ ಮಳೆ, ರಾತ್ರಿಯ ಇಬ್ಬನಿಗಳು ನೆಲವನ್ನು ಒದ್ದೆಯಾಗಿಸುತ್ತವೆ. ಎರಡು ಕೇಬಲ್ಲುಗಳು ಸೇರುವ ಜಾಗವನ್ನು ನೆಲದಿಂದ ಮೇಲೆ ಕಟ್ಟಬೇಕು. ಕೇಬಲ್ಲು ಸಾಕೆಟ್ಟಿಗೆ ಏರುವ ಮೊದಲು ಕೆಳಕ್ಕೆ ಇಳಿಬಿದ್ದಿದ್ದರೆ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕುತ್ತದೆ. ಪ್ರೇಕ್ಷಕರು ನಡೆದಾಡುವ ಜಾಗದಲ್ಲಿ ಕೇಬಲ್ಲನ್ನು ತಲೆಯ ಮೇಲಿನಿಂದ ಒಯ್ಯಬೇಕು ಅಥವಾ ಹಲಗೆಯಿಂದ ಮುಚ್ಚಬೇಕು. 30 ಮಿಲಿಆಂಪಿಯರಿನ ಸೋರಿಕೆಗೆ ವಿದ್ಯುತ್ತನ್ನು ಕಡಿದುಹಾಕುವ ರಕ್ಷಕ ಸಾಧನವೂ ಪ್ರತ್ಯೇಕ ಅರ್ಥಿಂಗೂ ಬಯಲಿನಲ್ಲಿ ಅನಿವಾರ್ಯ. ಈ ಪ್ರದೇಶಕ್ಕೆ ವಿದ್ಯುತ್ ಪೂರೈಸುವುದು ಮಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಮೆಸ್ಕಾಂ. ಅದರಿಂದ ತಾತ್ಕಾಲಿಕ ಸಂಪರ್ಕವನ್ನು ಪಡೆದು, ಪರವಾನಗಿ ಹೊಂದಿದವರಿಂದಲೇ ಮುಖ್ಯ ಜೋಡಣೆ ಮಾಡಿಸುವುದು ಕ್ರಮ.

ಅವಸರದ ಜೋಡಣೆಯಲ್ಲಿ ಪ್ಲಗ್ಗಿಲ್ಲದ ಕೇಬಲ್ಲಿನ ಬರಿಯ ತುದಿಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿಯಿಂದ ಬಿಗಿಗೊಳಿಸುವ ದೃಶ್ಯ ನಮ್ಮ ಊರುಗಳಲ್ಲಿ ಅಪರೂಪವಲ್ಲ. ಆ ಜೋಡಣೆಯಲ್ಲಿ ಅರ್ಥಿಂಗ್ ತಂತಿ ಸಾಮಾನ್ಯವಾಗಿ ಸೇರಿರುವುದೇ ಇಲ್ಲ. ದೀಪದ ಲೋಹದ ಮೈಗೆ ವಿದ್ಯುತ್ ಸೋರಿದರೆ, ಅದನ್ನು ತಿರುಗಿಸಲು ಏಣಿ ಏರಿದವನ ದೇಹವೇ ಭೂಮಿಗೆ ದಾರಿಯಾಗುತ್ತದೆ. ಸಮಯವಿಲ್ಲದಿದ್ದುದರಿಂದ ಹೀಗೆ ಮಾಡಲಾಯಿತು ಎಂಬುದು ಇಂತಹ ಸಂದರ್ಭಗಳ ಸಾಮಾನ್ಯ ಸಮರ್ಥನೆ. ಕೇಬಲ್‌ ಶಿಸ್ತು ಒದಗಿಸುವುದು ಈ ಸಮಯವನ್ನೇ. ಬೆಂಕಿಕಡ್ಡಿಯ ಅಗತ್ಯವನ್ನು ಅದು ಮೂಲದಲ್ಲಿಯೇ ನಿವಾರಿಸುತ್ತದೆ.

ಪೆಟ್ಟಿಗೆಗಳ ಅನುಕ್ರಮ

ಜೋಡಣೆಯ ಕ್ರಮವೂ ಲಾರಿಗೆ ತುಂಬುವ ಕ್ರಮವೂ ಪರಸ್ಪರ ವಿರುದ್ಧವಾಗಿರಬೇಕು. ಮೊದಲು ಬೇಕಾದುದು ಕೊನೆಯಲ್ಲಿ ಒಳಗೆ ಹೋಗಬೇಕು. ಮುಖ್ಯ ಕೇಬಲ್ಲು ಮತ್ತು ಡಿಮ್ಮರುಗಳು, ಕೊಳವೆಯ ಕಟ್ಟುಗಳು, ನೆಲದ ಸ್ಟ್ಯಾಂಡುಗಳ ಬಿಡಿ ಕೇಬಲ್ಲುಗಳು, ಸಂಕೇತದ ಕೇಬಲ್ಲು ಮತ್ತು ಬೋರ್ಡು ಎಂಬ ನಾಲ್ಕು ಗುಂಪುಗಳಿಗೆ ನಾಲ್ಕು ಪೆಟ್ಟಿಗೆಗಳು ಸಾಕು. ಪೆಟ್ಟಿಗೆಯ ಮುಚ್ಚಳದ ಒಳಭಾಗದಲ್ಲಿ ಅದರಲ್ಲಿರಬೇಕಾದ ಸಾಮಾನುಗಳ ಪಟ್ಟಿಯನ್ನು ಕನ್ನಡದಲ್ಲಿ ಅಂಟಿಸಿದರೆ, ತಂಡಕ್ಕೆ ಹೊಸದಾಗಿ ಸೇರಿದವರೂ ಊರಿನ ಸ್ವಯಂಸೇವಕರೂ ಕೇಳದೆಯೇ ಕೆಲಸ ಮಾಡಬಲ್ಲರು. ಐದನೆಯದಾಗಿ ಒಂದು ಚಿಕ್ಕ ಪೆಟ್ಟಿಗೆಯನ್ನು ‘ರೋಗಿಗಳ ಪೆಟ್ಟಿಗೆ’ಯಾಗಿ ಮೀಸಲಿಡುವುದು ಉಪಯುಕ್ತ. ಕೆಟ್ಟ ಕೇಬಲ್ಲಿಗೆ ಒಂದು ಗಂಟು ಹಾಕಿ ಅದರಲ್ಲಿರಿಸಬೇಕು. ಒಳ್ಳೆಯದರೊಂದಿಗೆ ಕೆಟ್ಟದ್ದು ಬೆರೆತರೆ ಅದೇ ದೋಷ ಮರುದಿನ ಬೇರೊಂದು ದೀಪದಲ್ಲಿ ಕಾಣಿಸಿಕೊಳ್ಳುತ್ತದೆ.

ಸ್ಥಿರ ರಂಗಮಂದಿರ ಮತ್ತು ಬಯಲುಗಳ ವ್ಯತ್ಯಾಸಕ್ಕೆ ಉತ್ತರವೂ ಈ ವಿಭಜನೆಯಲ್ಲಿದೆ. ರಂಗಮಂದಿರದಲ್ಲಿ ಮುಖ್ಯ ಕೇಬಲ್ಲಿನ ಚಿಕ್ಕ ತುಂಡು ಸಾಕಾಗಬಹುದು, ಬಯಲಿನಲ್ಲಿ ಉದ್ದವಾದುದು ಬೇಕಾಗಬಹುದು. ಉಳಿದ ಪೆಟ್ಟಿಗೆಗಳು ಬದಲಾಗುವುದಿಲ್ಲ. ಬದಲಾಗುವ ಭಾಗವನ್ನು ಒಂದೇ ಪೆಟ್ಟಿಗೆಗೆ ಸೀಮಿತಗೊಳಿಸುವುದು ಸಂಚಾರಿ ವ್ಯವಸ್ಥೆಯ ಮೂಲತತ್ತ್ವವೆನ್ನಬಹುದು.

ಎಲ್‌.ಇ.ಡಿ. ಕಾಲದ ಬದಲಾವಣೆ

ಎಲ್‌.ಇ.ಡಿ. ದೀಪಗಳು ಈ ಚಿತ್ರವನ್ನು ಬಹಳಷ್ಟು ಬದಲಿಸಿವೆ. 200 ವ್ಯಾಟಿನ 24 ಎಲ್‌.ಇ.ಡಿ. ದೀಪಗಳಿಗೆ ಬೇಕಾದ ಒಟ್ಟು ಶಕ್ತಿ 4.8 ಕಿಲೋವ್ಯಾಟ್, ಅಂದರೆ ಸುಮಾರು 21 ಆಂಪಿಯರ್ ಮಾತ್ರ. ಇವುಗಳಿಗೆ ಹೊರಗಿನ ಡಿಮ್ಮರ್ ಬೇಡ. ಒಂದು ದೀಪದಿಂದ ಇನ್ನೊಂದಕ್ಕೆ ಸರಪಣಿಯಂತೆ ವಿದ್ಯುತ್ ಸಾಗಿಸಬಹುದು. ದಪ್ಪ ಕೇಬಲ್ಲುಗಳು ಕಡಿಮೆಯಾದಂತೆ ಸಂಕೇತದ ಕೇಬಲ್ಲುಗಳು ಹೆಚ್ಚಿದವು. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು 1986ರಲ್ಲಿ ರೂಪಿಸಿದ ಡಿ.ಎಂ.ಎಕ್ಸ್. 512 ಎಂಬ ಪದ್ಧತಿಯಲ್ಲಿ ಒಂದೇ ಕೇಬಲ್ಲು 512 ಬೇರೆ ಬೇರೆ ಆಜ್ಞೆಗಳನ್ನು ಒಯ್ಯಬಲ್ಲುದು.

ಆದರೆ ಸರಪಣಿಯ ಸರಳತೆಯಲ್ಲಿ ಹೊಸ ಅಪಾಯವೊಂದು ಅಡಗಿದೆ. ಬಿಡಿ ಕೇಬಲ್ಲು ಕೆಟ್ಟರೆ ಒಂದು ದೀಪ ಆರುತ್ತಿತ್ತು. ಸರಪಣಿಯ ಒಂದು ಕೊಂಡಿ ಕಳಚಿದರೆ ಮುಂದಿನ ಎಲ್ಲ ದೀಪಗಳೂ ಆಜ್ಞೆ ಕಳೆದುಕೊಳ್ಳುತ್ತವೆ. ಮೈಕಿನ ಕೇಬಲ್ಲುಗಳು ನೋಡಲು ಹೋಲುವುದರಿಂದ ಅವನ್ನೇ ಸಂಕೇತಕ್ಕೆ ಬಳಸುವುದು, ಸಾಲಿನ ಕೊನೆಯ ದೀಪಕ್ಕೆ 120 ಓಮ್‌ಗಳ ಮುಕ್ತಾಯದ ಪ್ಲಗ್ಗು ಹಾಕದಿರುವುದು ದೀಪಗಳ ವಿಚಿತ್ರ ವರ್ತನೆಗೆ ಸಾಮಾನ್ಯ ಕಾರಣಗಳು. ಹೀಗಾಗಿ ತಂತ್ರಜ್ಞಾನ ಬದಲಾದರೂ ಸುತ್ತುವ, ಗುರುತಿಸುವ, ವಿಂಗಡಿಸುವ ಶಿಸ್ತುಗಳ ಅಗತ್ಯ ಕಡಿಮೆಯಾಗಿಲ್ಲ.

ಸಮಾರೋಪ

ಕೇಬಲ್‌ ವ್ಯವಸ್ಥೆಯಿಂದ ಉಳಿಯುವ ಸಮಯ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆಯೊಂದಿಗೆ ಈ ವಿವೇಚನೆಯನ್ನು ಮುಗಿಸಬಹುದು. ಮೊದಲಿಗೆ ಅದು ನಟನಿಗೆ ಸಲ್ಲುತ್ತದೆ. ಅಪರಿಚಿತ ರಂಗದ ಮೇಲೆ ತನ್ನ ಬೆಳಕು ಎಲ್ಲಿ ಬೀಳುತ್ತದೆಂದು ನಡೆದು ನೋಡಲು ಅವನಿಗೆ ಅರ್ಧ ಗಂಟೆ ದೊರೆಯುತ್ತದೆ. ಅನಂತರ ಅದು ಪ್ರೇಕ್ಷಕನಿಗೆ ಸಲ್ಲುತ್ತದೆ. ನಗರದ ರಂಗಮಂದಿರದಲ್ಲಿ ಕಂಡ ನಾಟಕವೇ ಕಾರ್ಖಾನೆ ಊರಿನ ಮೈದಾನದಲ್ಲಿಯೂ ಕುಂದಿಲ್ಲದೆ ಕಾಣಸಿಗುತ್ತದೆ. ಸಣ್ಣ ಊರಿನ ಪ್ರೇಕ್ಷಕನಿಗೆ ಎರಡನೆಯ ದರ್ಜೆಯ ಪ್ರಯೋಗ ಸಾಕೆಂಬ ಧೋರಣೆಯನ್ನು ಒಪ್ಪದಿರುವುದರಲ್ಲಿಯೇ ಸಂಚಾರಿ ರಂಗಭೂಮಿಯ ಸಾರ್ಥಕತೆಯಿದೆ. ಕೊನೆಯದಾಗಿ ಮತ್ತು ಮುಖ್ಯವಾಗಿ ಅದು ಕತ್ತಲಲ್ಲಿ ಏಣಿ ಏರುವ ಬೆಳಕಿನ ಕೆಲಸಗಾರನಿಗೆ ಸಲ್ಲುತ್ತದೆ.

ಈ ಬಗೆಯ ತಿಳಿವಳಿಕೆ ಬಹುಮಟ್ಟಿಗೆ ಕೈಯಿಂದ ಕೈಗೆ ದಾಟುವಂಥದು. ಒಬ್ಬ ಅನುಭವಿ ಕೆಲಸಗಾರ ತಂಡ ಬಿಟ್ಟಾಗ ಅದೂ ಅವನೊಂದಿಗೆ ಹೋಗುತ್ತದೆ. ನಾಟಕದ ಪಠ್ಯ, ಛಾಯಾಚಿತ್ರ, ಕರಪತ್ರಗಳನ್ನು ಸಂಗ್ರಹಿಸುವಂತೆಯೇ ಪ್ರಯೋಗವೊಂದರ ದೀಪಗಳ ನಕ್ಷೆ, ಕೇಬಲ್ಲುಗಳ ಪಟ್ಟಿ, ಫೇಸುಗಳ ಹಂಚಿಕೆಯ ಲೆಕ್ಕಗಳನ್ನೂ ತಂಡಗಳು ಕಾಪಿಡಬೇಕು. ಗ್ರಂಥಾಲಯಗಳು ಅವನ್ನು ರಂಗದಾಖಲೆಗಳೆಂದು ಸ್ವೀಕರಿಸಬೇಕು. ಮುಂದಿನ ಸಂಶೋಧಕರಿಗೆ ಒಂದು ನಾಟಕ ಹೇಗೆ ಕಂಡಿತೆಂಬುದನ್ನು ಛಾಯಾಚಿತ್ರ ಹೇಳಬಹುದು. ಅದು ಒಂದೇ ಸಂಜೆಯೊಳಗೆ ಹೇಗೆ ಸಾಧ್ಯವಾಯಿತೆಂಬುದನ್ನು ಹೇಳಬಲ್ಲುದು ಈ ಪಟ್ಟಿಗಳೇ.